ಕಬ್ಬಿನ ಮಶೀನು, ಉಕ್ಕಿನ ಹಲ್ಲು

ನಮ್ಮ ಶಿರೂರ ಅನಂತಪಾಳದಲ್ಲಿ ಬಾಜೂಮನಿಯವರು ಕಾಂಪೌಂಡಿನ ಮೇಲೆ ಏನಾದರೂ ತಂದಿಟ್ಟರೆ ಅದು ಕರಿಬೇವೋ, ಶೇಂಗಾ ಚಟ್ನಿಯೋ, ಇಲ್ಲವೇ ರಾಜಕಾರಣವೋ ಆಗಿರುತ್ತದೆ. ಬಾಜೂಮನಿ ಕಾಕಾ ಈ ಸಲ ತಂದಿಟ್ಟದ್ದು ಮೂರು ಹಲ್ಲು ಉದುರಿದ ಪಿನಿಯನ್, ಅಂದರೆ ಜೋಡಿಯ ಸಣ್ಣ ಗೇರು. ಗ್ರೀಸಿಗೆ ಕಬ್ಬಿನ ಸಿಪ್ಪೆ ಮೆತ್ತಿಕೊಂಡು, ಅದಕ್ಕೆ ಆಗಲೇ ಇರುವೆ ಹತ್ತಿದ್ದವು.

"ತಮ್ಮಾ, ಇದಕ್ಕಿಂತ ದಪ್ಪಂದು ಬೇಕು. ಉದಗೀರದಾಗ ಸಿಗ್ತದೇನು, ಲಾತೂರಿಗೇ ಹೋಗ್ಬೇಕೇನು?"

"ದಪ್ಪಂದು ಯಾಕ್ರಿ ಕಾಕಾ?"

"ತೆಳ್ಳಂದು ಮುರೀತಲ್ಲಪಾ!"

ಈ ತರ್ಕಕ್ಕೆ ಎದುರಾಡುವುದು ಕಷ್ಟ. ನಮ್ಮ ಸೀಮೆಯಲ್ಲಿ ಎತ್ತಿನಿಂದ ಹಿಡಿದು ಅಳಿಯನವರೆಗೆ ಎಲ್ಲವನ್ನೂ ಮೈಕಟ್ಟು ನೋಡಿಯೇ ಆರಿಸುತ್ತಾರೆ. ಗೇರಿನ ವಿಷಯದಲ್ಲಿ ಮಾತ್ರ ಅದು ನಡೆಯುವುದಿಲ್ಲ. ನಾನು ಸೋಲಾಪುರದಲ್ಲಿ ಟರ್ನರ್ ಕೆಲಸ ಮಾಡಿ ಬಂದವನೆಂದು ಕಾಕಾಗೆ ನನ್ನ ಮೇಲೆ ಅರ್ಧ ವಿಶ್ವಾಸ. ಉಳಿದರ್ಧ ಅಂಗಡಿಯವನ ಮೇಲೆ.

ಕಾಕಾನ ರಸವಂತಿ, ಅಂದರೆ ಕಬ್ಬಿನ ರಸದ ಅಂಗಡಿ, ಇರುವುದು ನಿಲಂಗಾ ರೋಡಿಗೆ. ಹೋಳಿ ದಾಟಿದ ಮೇಲೆ ನಮ್ಮ ಬಿಸಿಲು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಮಿರಜದಿಂದ ರೈಲಿನ ಮೇಲೆ ನೀರು ತರಿಸಿಕೊಂಡ ಲಾತೂರ ಜಿಲ್ಲೆ ಇದು. ಅಂಥ ದಿನದಲ್ಲಿ ಮಶೀನು ನಿಂತರೆ ಕಾಕಾನ ಮುಖವೂ ಕಬ್ಬಿನ ಸಿಪ್ಪೆಯಂತಾಗುತ್ತದೆ. ಮಶೀನಿನೊಳಗೆ ಇರುವುದು ಒಂದು ಎಚ್‌ಪಿ ಮೋಟಾರು, ನಿಮಿಷಕ್ಕೆ 1440 ಸುತ್ತು. ರೋಲರಿಗೆ ಬೇಕಾದದ್ದು 36 ಸುತ್ತು. ನಡುವೆ ಒಂದು ಪಟ್ಟಾ, ಎರಡು ಜೋಡಿ ಗೇರು. ವೇಗ 40 ಪಟ್ಟು ಇಳಿಯಿತೆಂದರೆ ತಿರುಚುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರಿತು. ಮೋಟಾರಿನ ಶಾಫ್ಟನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದೆನೆನ್ನುವ ಪೈಲ್ವಾನ ಸಿಕ್ಕಾನು. ರೋಲರನ್ನು ಹಿಡಿದು ನಿಲ್ಲಿಸುವವನು ಸಿಗಲಾರ. ಕಡೆಯ ಜೋಡಿಯ ಹಲ್ಲಿನ ಮೇಲೆ 200 ಕಿಲೋ ಮೀರಿದ ಭಾರ ಬೀಳುತ್ತದೆ. ಕಬ್ಬು ಸಿಕ್ಕಿಬಿದ್ದು ಮೋಟಾರು ಗುರುಗುಟ್ಟಿದಾಗ ಅದು ಇಮ್ಮಡಿಗೂ ಮೇಲೆ. ಹಾಗಾಗಿ ಮೋಟಾರಿನ ಕಡೆ ಸಣ್ಣ ಹಲ್ಲು, ರೋಲರಿನ ಕಡೆ ದೊಡ್ಡ ಹಲ್ಲು. ಎಲ್ಲ ಕಡೆ ದಪ್ಪಂದೇ ಹಾಕಿದರೆ ರೊಕ್ಕ ಹಾಳು, ಮೇಲೆ ಸಪ್ಪಳ ಬೇರೆ.

"ಮೊದ್ಲ ಹಲ್ಲ ಎಣಸ್ರಿ" ಅಂದೆ. ಮುರಿದ ಜಾಗ ಸೇರಿ 19. ವರ್ನಿಯರ್ ಹಚ್ಚಿದರೆ ಹೊರಗಿನ ಅಡ್ಡಳತೆ 63 ಮಿಲಿಮೀಟರ್. ಹಲ್ಲಿನ ಲೆಕ್ಕಕ್ಕೆ ಎರಡು ಕೂಡಿಸಿ 21, ಅದರಿಂದ 63ನ್ನು ಭಾಗಿಸಿದರೆ 3. ಇದೇ ಮೊಡ್ಯೂಲ್. ಹಲ್ಲಿನ ಗಾತ್ರ, ಎತ್ತರ, ಅಂತರ ಎಲ್ಲಾ ಇದರೊಳಗೇ ಬಂತು. ಇದಕ್ಕೆ ಜೋಡಿಯಾದ ದೊಡ್ಡ ಗೇರಿಗೆ 57 ಹಲ್ಲು. ಎರಡೂ ಕೂಡಿಸಿದರೆ 76, ಮೂರರಿಂದ ಗುಣಿಸಿ ಅರ್ಧ ಮಾಡಿದರೆ 114. ಎರಡು ಶಾಫ್ಟಿನ ನಡುವಿನ ಅಂತರ ಅಷ್ಟೇ ಮಿಲಿಮೀಟರ್ ಇರಬೇಕು. ಕಾಕಾ ಕೇಳಿದ ದಪ್ಪ ಹಲ್ಲಿನದು ತಂದರೆ ಅದು 57ರ ಜೊತೆ ಕಚ್ಚುವುದೇ ಇಲ್ಲ. ದಪ್ಪ ಬೇಕೇಬೇಕೆಂದರೆ ಎರಡೂ ಬದಲಿಸಬೇಕು, ಬೇರಿಂಗಿನ ತೂತೂ ಸರಿಸಬೇಕು.

"ಅಂಗಡಿಯಂವ ನೋಡಿ ಕೊಡ್ತಾನಲ್ಲ?"

ಕೊಡುತ್ತಾನೆ, ಕಣ್ಣಳತೆಯ ಮೇಲೆ! ಹಳೆಯ ಇಂಗ್ಲಿಷ್ ಮಶೀನುಗಳ ಗೇರು ಇಂಚಿನ ಲೆಕ್ಕದವು, ಡಿಪಿ ಎನ್ನುತ್ತಾರೆ. 20 ಹಲ್ಲಿನ 10 ಡಿಪಿ ಗೇರಿನ ಅಡ್ಡಳತೆ 55.9 ಮಿಲಿಮೀಟರ್. ಅಷ್ಟೇ ಹಲ್ಲಿನ ಎರಡೂವರೆ ಮೊಡ್ಯೂಲಿನದು 55. ಕೈಯಲ್ಲಿ ಹಿಡಿದರೆ ಅವಳಿ ಜವಳಿ. ಕೂಡಿಸಿ ಓಡಿಸಿದರೆ ಮೊದಲ ದಿನ ಕಿರಿಚುತ್ತವೆ, ಆಮೇಲೆ ಒಂದನ್ನೊಂದು ಕೆರೆದುಕೊಂಡು ತಿನ್ನುತ್ತವೆ. ಗುಜರಿಯಿಂದ ಗೇರು ತರುವವರು ಇಲ್ಲೇ ಬೀಳುವುದು. ಜೊತೆಗೆ ಹಲ್ಲಿನ ಓರೆ ಬೇರೆ: ಈಗಿನವು 20 ಡಿಗ್ರಿ, ಬಹಳ ಹಳೆಯವು ಹದಿನಾಲ್ಕೂವರೆ.

ಹಲ್ಲು ಕಡಿಯುವ ಕಟ್ಟರಿನ ಕಥೆ ಇನ್ನೂ ಮಜಾ. ಮಿಲ್ಲಿಂಗ್ ಮಶೀನಿನ ಮೇಲೆ ಕಡಿಯಬೇಕೆಂದರೆ ಒಂದೊಂದು ಮೊಡ್ಯೂಲಿಗೆ ಎಂಟೆಂಟು ಕಟ್ಟರಿನ ಸೆಟ್ಟು ಬೇಕು. ಹಲ್ಲು ಕಡಿಮೆಯಾದಂತೆ ಅದರ ಬಾಗು ಹೆಚ್ಚುತ್ತದೆ; ಹತ್ತೊಂಬತ್ತರ ಹಲ್ಲಿನ ಹೊಟ್ಟೆ ಐವತ್ತೇಳರದಕ್ಕಿಂತ ಗುಂಡಗೆ. ಎಂಟೂ ಕೊಂಡಿಟ್ಟ ವರ್ಕ್‌ಶಾಪು ಸಿಗುವುದು ಅಪರೂಪ. ಇದ್ದ ಒಂದರಲ್ಲೇ ಎರಡೂ ಗೇರು ಕಡಿದು "ಮೂರು ಮೊಡ್ಯೂಲೇ ಅದ ಸಾಹೇಬ್ರೆ" ಎನ್ನುತ್ತಾರೆ. ಸುಳ್ಳಲ್ಲ, ಆದರೆ ಅರ್ಧ ಖರೆ. ಅದಕ್ಕೇ ಹಾಬಿಂಗ್ ಮಶೀನಿನಲ್ಲಿ ಕಡಿದದ್ದನ್ನು ಕೇಳಿ ತರಬೇಕು. ಅಲ್ಲಿ ಒಂದು ಮೊಡ್ಯೂಲಿಗೆ ಒಂದೇ ಹಾಬ್, ಎಷ್ಟು ಹಲ್ಲಾದರೂ ಬಾಗು ತಾನಾಗಿ ಸರಿ ಬರುತ್ತದೆ.

ಕಾಕಾ ಇಷ್ಟು ಕೇಳಿ ಒಂದು ಉಪಾಯ ತೆಗೆದರು. "ಹನ್ನೆರಡು ಹಲ್ಲಿಂದು ಹಾಕಿದ್ರ? ರೋಲರ್ ಇನ್ನಾ ಮೆಲ್ಲಕ ತಿರಗ್ತದ, ರಸ ಛಲೋ ಹಿಂಡ್ತದ."

ಆಸೆ ಒಳ್ಳೆಯದೇ. ಆದರೆ 20 ಡಿಗ್ರಿಯ ಗೇರಿಗೆ 17ಕ್ಕಿಂತ ಕಡಿಮೆ ಹಲ್ಲು ಹಾಕಿದರೆ ಕಡಿಯುವಾಗಲೇ ಹಲ್ಲಿನ ಬುಡ ಕೊರೆದುಹೋಗುತ್ತದೆ. ಮೇಲೆ ಅಗಲ, ಬುಡ ಸಣ್ಣ. 1892ರಲ್ಲಿ ವಿಲ್‌ಫ್ರೆಡ್ ಲೂಯಿಸ್ ಎಂಬ ಅಮೆರಿಕದ ಇಂಜಿನಿಯರ್ ಒಂದೊಂದು ಹಲ್ಲನ್ನೂ ಗೋಡೆಯಿಂದ ಹೊರಚಾಚಿದ ತೊಲೆ ಎಂದು ಹಿಡಿದು ಲೆಕ್ಕ ಹಾಕಿಟ್ಟ. ತುದಿಗೆ ಭಾರ ಬಿದ್ದರೆ ತೊಲೆ ಮುರಿಯುವುದು ಬುಡದಲ್ಲೇ. ಕಾಕಾನ ಪಿನಿಯನ್ನಿನ ಮೂರು ಹಲ್ಲೂ ಹಾಗೇ ಬುಡದಿಂದ ಹೋಗಿದ್ದವು. ಮುರಿದ ಜಾಗದ ಒಂದು ಅಂಚು ನುಣ್ಣಗೆ, ಕಪ್ಪಗೆ. ಉಳಿದದ್ದು ಕಲ್ಲುಸಕ್ಕರೆಯ ಹಾಗೆ ಹೊಸ ಹೊಳಪು. ಅಂದರೆ ಬಿರುಕು ಬಿಟ್ಟು ಬಹಳ ದಿನ ಆಗಿತ್ತು, ಕಡೆಗೆ ಒಂದು ಏಟಿಗೆ ಹೋಗಿದೆ. ಅಷ್ಟು ದಿನ ಅದರ ಸಪ್ಪಳ ಯಾಕೆ ಕೇಳಲಿಲ್ಲ ಎಂದರೆ ರೋಲರಿಗೆ ಗೆಜ್ಜೆ ಕಟ್ಟಿದ್ದಾರಲ್ಲ! ಗಿರಾಕಿಯನ್ನು ಕರೆಯುವ ಗೆಜ್ಜೆ ಹಲ್ಲಿನ ನರಳಾಟವನ್ನು ಮುಚ್ಚಿಹಾಕಿತ್ತು.

ಇನ್ನು ಉಕ್ಕು ಯಾವುದು? ಕಾಕಾನ ಪಿನಿಯನ್ನಿನ ಮೇಲೆ ಕಾನಸ ಹಾಕಿದರೆ ಬೆಣ್ಣೆಯಂತೆ ಸವೆಯಿತು. ಬರೀ ಎಂಎಸ್, ಬಾಗಿಲ ಚೌಕಟ್ಟಿಗೆ ಹಾಕುವ ಕಬ್ಬಿಣ. ಇಂಥ ಕೆಲಸಕ್ಕೆ ಇಎನ್ 8 ಸಾಕು. ಅದರಲ್ಲಿ ಶೇಕಡಾ 0.4ರಷ್ಟು ಇಂಗಾಲ ಇರುವುದರಿಂದ ಹದ ಹಿಡಿಯುತ್ತದೆ. ಹಲ್ಲು ಕಡಿದ ಮೇಲೆ ಹಲ್ಲಿನ ಮೈಯನ್ನಷ್ಟೇ ಇಂಡಕ್ಷನ್ನಿನಲ್ಲಿ ಕಾಯಿಸಿ ಗಟ್ಟಿ ಮಾಡಿಸಬೇಕು, ಒಳಗು ಮೆತ್ತಗೇ ಇರಬೇಕು. ಎಂಎಸ್ ಗೇರನ್ನು ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿಸುವವರನ್ನು ಕಂಡಿದ್ದೇನೆ. ಇಂಗಾಲ ಸಾಲದ್ದಕ್ಕೆ ಹದ ಎಲ್ಲಿಂದ ಬರಬೇಕು? ಎರಡರಲ್ಲಿ ಪಿನಿಯನ್ ಒಂದು ಕೈ ಹೆಚ್ಚು ಗಟ್ಟಿ ಇರಬೇಕು. ದೊಡ್ಡದು ಒಂದು ಸುತ್ತು ಬರುವಾಗ ಇದು ಮೂರು ಸುತ್ತು ಬರುತ್ತದೆ, ಇದರ ಹಲ್ಲಿಗೆ ಮೂರು ಪಟ್ಟು ಏಟು. ಹಲ್ಲಿನ ಅಗಲ ಮೊಡ್ಯೂಲಿನ ಹತ್ತರಷ್ಟು, ಅಂದರೆ 30 ಮಿಲಿಮೀಟರ್. ಅದಕ್ಕೂ ಅಗಲ ಮಾಡಿದರೆ ನಮ್ಮ ಶಾಫ್ಟುಗಳ ಓರೆಕೋರೆಗೆ ಒಂದೇ ಅಂಚು ಕೂರುತ್ತದೆ.

ರೋಲರ್ ರೋಲರಿನ ನಡುವಿನ ಗೇರಿಗೆ ಮಾತ್ರ ಈ ಲೆಕ್ಕ ಹಚ್ಚಬಾರದು. ಕಾಕಾ ಕಬ್ಬು ನೋಡಿ ಬೋಲ್ಟು ಬಿಗಿ, ಸಡಿಲ ಮಾಡುತ್ತಿರುತ್ತಾರೆ. ರೋಲರು ಸರಿದಂತೆ ಹಲ್ಲೂ ದೂರ ಸರಿಯುತ್ತದೆ. ಅಲ್ಲಿಗೆ ಉದ್ದ ಹಲ್ಲಿನ ಬೀಡಿನ ಗೇರೇ ಸರಿ. ದೊಡ್ಡ ಸಕ್ಕರೆ ಕಾರಖಾನೆಯ ಗಾಣಗಳಲ್ಲೂ ಅದಕ್ಕೇ ಉದ್ದ ಹಲ್ಲು.

"ಹಂಗಾದ್ರ ಇಎನ್ 8 ಹಾಕ್ಸಿದ್ರ ಮುಂದ ಮುರ್ಯಾಂಗಿಲ್ಲ?"

"ಪಟ್ಟಾ ಯಾವಾಗ ಬಿಗಿ ಮಾಡಿದ್ರಿ ಕಾಕಾ?"

ಕಾಕಾ ನನ್ನನ್ನು ನೋಡಿದ ರೀತಿ ಜ್ಯೋತಿಷಿಯನ್ನು ನೋಡುವಂತಿತ್ತು. "ಯುಗಾದಿಗೆ. ಜಾರ್ಲತ್ತಿತ್ತು. ಹುಡುಗ ಛಲೋ ಬಿಗಿ ಮಾಡ್ಯಾನ."

ಛಲೋ ಬಿಗಿ ಮಾಡಿದ್ದೇ ಮೂಲ. ಕಬ್ಬಿನ ಗೆಣ್ಣು ಸಿಕ್ಕಾಗ ಜಾರಿ ಜಾರಿ ಇಷ್ಟು ವರ್ಷ ಹಲ್ಲು ಉಳಿಸಿದ್ದು ಆ ಸಡಿಲ ಪಟ್ಟಾ. ಅದನ್ನು ತಂಬೂರಿ ತಂತಿಯಂತೆ ಬಿಗಿದ ಮೇಲೆ ಏಟೆಲ್ಲ ಸೀದಾ ಪಿನಿಯನ್ನಿಗೆ. ಮಶೀನಿನಲ್ಲಿ ಏನಾದರೊಂದು ಮೊದಲು ಸೋಲಲೇಬೇಕು. ಅದು ಅಗ್ಗದ್ದಾಗಿರಬೇಕು, ಕೈಗೆಟುಕುವ ಜಾಗದಲ್ಲಿರಬೇಕು. ಪಟ್ಟಾ ಜಾರಲಿ, ಇಲ್ಲವೇ ಗೇರಿನ ಕೀಲಿಯ ಜಾಗಕ್ಕೆ ಮೆತ್ತನೆಯ ಪಿನ್ನೊಂದು ಕತ್ತರಿಸಿಹೋಗಲಿ. ಗೇರಿನ ಹಲ್ಲು ಗಟ್ಟಿ ಮಾಡಿ ಉಳಿದದ್ದೂ ಗಟ್ಟಿ ಮಾಡಿದರೆ ಮುಂದಿನ ಸಲ ಶಾಫ್ಟೇ ತಿರುಚಿಕೊಳ್ಳುತ್ತದೆ, ಇಲ್ಲವೇ ಮೋಟಾರು ಸುಡುತ್ತದೆ.

ಇಷ್ಟರಲ್ಲಿ ಕಾಕಿ ಬಂದರು. ಅವರ ತಕರಾರು ಬೇರೆ: ಗೇರಿಗೆ ತಗಡಿನ ಮುಚ್ಚಳವಿಲ್ಲ, ಸೆರಗು ಹಿಡಿಯುತ್ತದೆ. ನಮ್ಮ ಕಡೆ ಮುಚ್ಚಳವಿಲ್ಲದ ಮಶೀನಿನ ಅಪಾಯವನ್ನು ಮೊದಲು ಕಲಿಸಿದ್ದು ಮೇವು ಕತ್ತರಿಸುವ ಮಶೀನುಗಳು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟುವ ಮುಂಚೆಯೇ ಬೆಳಗಾವಿಯಲ್ಲಿ ಅಂಥ ಮಶೀನು ಮಾಡಿ ಮಾರಿದವರು. ಅವು ಊರೂರಿಗೆ ಬಂದವು, ಕರೆಂಟಿನ ಮೋಟಾರು ಕೂಡಿತು, ಬೆರಳುಗಳು ಹೋದವು. ರಾಶಿ ಮಶೀನುಗಳು ಕೈ ತಿನ್ನುವುದು ಹೆಚ್ಚಿ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆಯೇ ಬಂತು.

"ಪತ್ರಾ ಹೊಡಸ್ರಿ ಅಂತ ಹೋದ ಬ್ಯಾಸಿಗಿಂದ ಹೇಳ್ಲತ್ತೀನಿ" ಎಂದರು ಕಾಕಿ.

"ಪತ್ರಾ ಹೊಡದ್ರ ಮಶೀನ ಕಾಣ್ಸಂಗಿಲ್ಲ, ಗಿರಾಕಿ ಹ್ಯಾಂಗ ಬರ್ತಾರ?"

"ಗಿರಾಕಿ ರಸ ಕುಡೀಲಕ್ಕ ಬರ್ತಾರ, ನಿಮ್ಮ ಗೇರ್ ನೋಡ್ಲಕ್ಕಲ್ಲ."

ಕಾಕಾ ಮಾತು ಮುಂದುವರಿಸಲಿಲ್ಲ. ದೊಡ್ಡ ಗೇರನ್ನೂ ಕಳಚಿ ತರುವುದಾಗಿ ಒಪ್ಪಿದರು, ಯಾಕೆಂದರೆ ಸವೆದ ಹಲ್ಲಿಗೆ ಹೊಸ ಪಿನಿಯನ್ ಕೂಡಿಸಿದರೆ ಅದೂ ಹಾಳಾಗುತ್ತದೆ, ಜೋಡಿಯೇ ಬದಲಿಸಬೇಕು. ಚೀಟಿಯಲ್ಲಿ ನಾನು ಬರೆದುಕೊಟ್ಟೆ: 3 ಮೊಡ್ಯೂಲ್, 20 ಡಿಗ್ರಿ, 19 ಮತ್ತು 57 ಹಲ್ಲು, ಅಗಲ 30, ಇಎನ್ 8, ಹಾಬಿಂಗ್, ಹಲ್ಲು ಇಂಡಕ್ಷನ್. ಕಾಕಿ ಅದನ್ನು ಇಸಿದುಕೊಂಡು ಕೆಳಗೆ ಮರಾಠಿಯಲ್ಲಿ ಒಂದು ಸಾಲು ಸೇರಿಸಿದರು, ಎರಡು ಫೂಟು ಪತ್ರಾ ಎಂದು. ಲಾತೂರಿನ ಎಸ್‌ಟಿ ಬಸ್ಸು ಎಷ್ಟಕ್ಕೆ ಎಂದು ಕೇಳುತ್ತ ಕಾಕಾ ಗೋಣಿಚೀಲ ಹುಡುಕಲು ಹೋದರು.