ಉಂಬಳ ಹತ್ತದ ಬೆಳಕು

ಮಲೆನಾಡಿನವರ ತಲೆಗೆ ಏನನ್ನು ಇಳಿಸಬೇಕಾದರೂ ಒಂದು ಉಂಬಳ (ನಮ್ಮ ಕಾಡಿನ ಜಿಗಣೆ) ಸಾಕು ಎಂದು ನಮ್ಮ ಅಕ್ಕನ ಮಗ ನಂಬಿಬಿಟ್ಟಿದ್ದಾನೆ. ಬೆಂಗಳೂರಲ್ಲಿ ಭೌತಶಾಸ್ತ್ರ ಓದುವ ಹುಡುಗ. ಆಷಾಢದ ಮಳೆಯಲ್ಲಿ ಮೂಡಿಗೆರೆಗೆ ಬಂದು ಜಗಲಿ ಮೇಲೆ ಕೂತು ನನಗೆ ಕಣಗಳಿಗೆ ಭಾರ ಬರಿಸುವ ಹಿಗ್ಸ್ ಕ್ಷೇತ್ರದ ಪಾಠ ಶುರು ಮಾಡಿದ.

"ಮಾವ, ಇಡೀ ವಿಶ್ವ ಜುಲೈ ತಿಂಗಳ ಕಾಫಿತೋಟ ಅನ್ಕೊಳ್ಳಿ. ಓಡಾಡೋ ಕಣಗಳಿಗೆ ಉಂಬಳ ಹತ್ತುತ್ತೆ. ಜಾಸ್ತಿ ಹತ್ತಿದ್ದು ಭಾರದ ಕಣ. ಒಂದೂ ಹತ್ತದ್ದು ಬೆಳಕು."

ಬೆಳಕು ಕಾಲಿಗೆ ಹೊಗೆಸೊಪ್ಪು, ಸುಣ್ಣ ಬಳ್ಕೊಂಡು ಹೊರಟಿದೆ ಅನ್ನು! ತೇಜಸ್ವಿ ಕಾದಂಬರಿ ತುಂಬ ಹಾರುವ ಓತಿ ಹುಡುಕಿಸಿದ ಸೀಮೆ ಇದು. ಕಾಣದ ಕಣಕ್ಕೆ ನಾವು ಹೆದರುವವರಲ್ಲ.

ಹಿಗ್ಸ್‌ಗೆ ಹೀಗೆ ಹೋಲಿಕೆ ಕಟ್ಟುವುದೇನು ಅವನೊಬ್ಬನ ಚಾಳಿಯಲ್ಲ. 1993ರಲ್ಲಿ ಬ್ರಿಟನ್ನಿನ ವಿಜ್ಞಾನ ಮಂತ್ರಿ ವಿಲಿಯಂ ವಾಲ್ಡ್‌ಗ್ರೇವ್, ಹಿಗ್ಸ್ ವಿಚಾರ ಒಂದೇ ಪುಟದಲ್ಲಿ ತಿಳಿಸಿದವರಿಗೆ ಶಾಂಪೇನ್ ಕೊಡುತ್ತೇನೆಂದ. ಪಾರ್ಟಿಗೆ ಬಂದ ಮಾರ್ಗರೆಟ್ ಥ್ಯಾಚರ್ ಅವರನ್ನು ಜನ ಮುತ್ತಿಕೊಳ್ಳುವ ಕಥೆ ಬರೆದು ಭೌತವಿಜ್ಞಾನಿ ಡೇವಿಡ್ ಮಿಲ್ಲರ್ ಒಂದು ಬಾಟಲಿ ಗೆದ್ದ. ಲಂಡನ್ನಿಗೆ ಥ್ಯಾಚರ್, ನಮಗೆ ಉಂಬಳ. ರಕ್ತ ಹೀರುವುದರಲ್ಲಿ ಯಾರು ಮೇಲು ಎಂಬ ಚರ್ಚೆ ಬೇಡ.

ನನ್ನ ತಕರಾರು ಬೇರೆ. ಉಂಬಳ ಹತ್ತಿದವನು ನಡಿಗೆ ನಿಧಾನ ಮಾಡಿ, ಕೊನೆಗೆ ನಿಂತು ಕಾಲು ಕೊಡವುತ್ತಾನೆ. ಹಿಗ್ಸ್ ಕ್ಷೇತ್ರ ಯಾರ ಓಟವನ್ನೂ ತಗ್ಗಿಸುವುದಿಲ್ಲ. ಬೇರೆ ಯಾರೂ ಕೆಣಕದಿದ್ದರೆ ಎಲೆಕ್ಟ್ರಾನ್ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ವೇಗ ಬದಲಿಸಲು ಹೋದಾಗ ತೋರುವ ಮೊಂಡುತನಕ್ಕೆ ದ್ರವ್ಯರಾಶಿ ಎನ್ನುತ್ತಾರೆ. ನಿಂತ ಕಣಕ್ಕೂ ಅದುಂಟು. ಇಷ್ಟರಲ್ಲಿ ಮಾತ್ರ ಉಂಬಳ ಪಾಸು, ಅದು ನಿಂತವನನ್ನೇ ಮೊದಲು ಹಿಡಿಯುವುದು!

"ಮೈ ದೊಡ್ಡದಾದ್ರೆ ಉಂಬಳಾನೂ ಜಾಸ್ತಿ ತಾನೆ?" ಎಂದೆ. ಹುಡುಗ ತಡವರಿಸಿದ. ಟಾಪ್ ಕ್ವಾರ್ಕ್ ಎಂಬ ಕಣ ಎಲೆಕ್ಟ್ರಾನಿಗಿಂತ 3 ಲಕ್ಷ ಪಟ್ಟಿಗೂ ಹೆಚ್ಚು ಭಾರ, ಆದರೆ ಈವರೆಗಿನ ಅಳತೆಗೆ ಎರಡಕ್ಕೂ ಮೈಯೇ ಸಿಕ್ಕಿಲ್ಲ. ಅದಕ್ಕೇಕೆ ಅಷ್ಟು, ಇದಕ್ಕೇಕೆ ಇಷ್ಟು? 2012ರ ಜುಲೈ 4ರಂದು ಹಿಗ್ಸ್‌ನಂಥ ಹೊಸ ಕಣ ಸಿಕ್ಕಿತೆಂದು ಸಾರಿದ ಜಿನೀವಾದ ಸರ್ನ್ ಪ್ರಯೋಗಾಲಯದವರಿಗೂ ಗೊತ್ತಿಲ್ಲ.

ಭಾರವೆಲ್ಲ ಹಿಗ್ಸ್ ಕೊಟ್ಟಿದ್ದು ಅನ್ನುವುದಂತೂ ಶುದ್ಧ ಉತ್ಪ್ರೇಕ್ಷೆ. ಪ್ರೋಟಾನಿನ ಮೂರು ಕ್ವಾರ್ಕುಗಳನ್ನು ಕೂಡಿಸಿ ತೂಗಿದರೆ ಪ್ರೋಟಾನಿನ ಶೇ 1ರಷ್ಟೇ. ಮಿಕ್ಕಿದ್ದು ಅವನ್ನು ಕಟ್ಟಿಹಾಕಿದ ಪ್ರಬಲ ಬಲದ ಮತ್ತು ಒಳಗಿನ ಓಡಾಟದ ಶಕ್ತಿ. ಕಳಸದ ಗೌಡ್ರೇ, ನಿಮ್ಮ 50 ಕಿಲೋ ಕಾಫಿ ಮೂಟೆಯಲ್ಲಿ ಹಿಗ್ಸ್ ಪಾಲು ಸುಮಾರು ಅರ್ಧ ಕಿಲೋ. ತೇವಾಂಶದ ಹೆಸರಲ್ಲಿ ವ್ಯಾಪಾರಿ ಅದಕ್ಕಿಂತ ಜಾಸ್ತಿ ಮುರಿದುಕೊಳ್ಳುತ್ತಾನೆ.