ಪ್ರಾಧ್ಯಾಪಕರನ್ನು ಕಬ್ಬೆಂದು ಘೋಷಿಸಿ

ಅಧ್ಯಾಪಕರ ಯೋಗಕ್ಷೇಮಕ್ಕೆ ವಿಶ್ವವಿದ್ಯಾಲಯಗಳು ಏನು ಮಾಡಬೇಕೆಂದು ಸಮಿತಿಗಳು ತಲೆ ಕೆಡಿಸಿಕೊಂಡಿವೆ. ಮಹಾರಾಷ್ಟ್ರದ ಗಡಿಯ ನಮ್ಮ ದತ್ತವಾಡಕ್ಕೆ ಬಂದಿದ್ದರೆ ದೂಧಗಂಗೆ ದಂಡೆಯ ಯಾವ ರೈತನಾದರೂ ಒಂದು ಚಹಾ ಮುಗಿಯುವಷ್ಟರಲ್ಲಿ ಹೇಳಿಬಿಡುತ್ತಿದ್ದ: “ಅವರನ್ನ ಕಬ್ಬು ಅಂತ ಘೋಷಣಾ ಮಾಡ್ರಿ.”

ಕಬ್ಬಿಗೇನು ಕಮ್ಮಿ? 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆಗೆ ಹೋದ 14 ದಿನದೊಳಗೆ ಬಿಲ್ಲು ಆಗಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕಾರ್ಖಾನೆಗಳು ಇದನ್ನು ಚಾಚೂತಪ್ಪದೆ ಪಾಲಿಸುತ್ತವೆ ಎಂದಲ್ಲ. ಬೈಯಲಿಕ್ಕಾದರೂ ಒಂದು ಕಾಯ್ದೆ ಇದೆಯಲ್ಲ! 2025-26ರ ಕನಿಷ್ಠ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. ಸಾಲದೆಂದರೆ ಜಯಸಿಂಗಪುರದಲ್ಲಿ ರೈತ ನಾಯಕ ರಾಜು ಶೆಟ್ಟಿಯವರ ಊಸ (ಕಬ್ಬು) ಪರಿಷತ್ತು ಇದ್ದೇ ಇದೆ.

ಈಗ ನಮ್ಮ ತಾಸಿನ ಸರ್ ಅವರನ್ನು ನೋಡಿ. ನೆಟ್, ಸೆಟ್, ಪಿಎಚ್‌.ಡಿ. ಮುಗಿಸಿಯೂ ತಾಸಿನ ಲೆಕ್ಕದ ಪಗಾರ. ದೀಪಾವಳಿ ಸೂಟಿಗೆ ಸೊನ್ನೆ, ಬ್ಯಾಸಿಗಿಗೂ ಸೊನ್ನೆ. ಅತಿಥಿ ಉಪನ್ಯಾಸಕರಿಗೆ ತಾಸಿಗೆ 1,500, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಯುಜಿಸಿ 2019ರಲ್ಲೇ ಬರೆದಿತ್ತು. ಅದರಲ್ಲಿ ‘ಗರಿಷ್ಠ’ ಎಂಬುದೊಂದು ಎಲ್ಲರ ತಲೆಯಲ್ಲಿ ಉಳಿಯಿತು.

“ಸರ, ಬಿಲ್ಲು ಆತೇನ್ರಿ?”
“ಇಲ್ರಿ ಕಾಕಾ, ಸಹಿಗೆ ಹೋಗೈತಿ.”
“ಯಾವಾಗ ಹೋಗಿತ್ತು?”
“ನೀವು ಕಬ್ಬು ಹಚ್ಚೂವಾಗ.”
ಕಾಕಾನ ಕಬ್ಬು ಕಡಿಯಲು ಟೋಳಿ ಬಂದು ನಿಂತಿತ್ತು.

ಹೊಳೆ ದಾಟಿ ಕರ್ನಾಟಕಕ್ಕೆ ಹೋದರೆ ಸುಖವಿದೆಯೇ? ಅಲ್ಲಿನ ಸರ್ಕಾರ 2022ರಲ್ಲಿ ಅರ್ಹತೆಯೂ ಐದು ವರ್ಷ ಮೀರಿದ ಸೇವೆಯೂ ಇದ್ದ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 32,000 ರೂಪಾಯಿ ಗೌರವಧನ ಕೊಟ್ಟಿತು. ಸೇವೆ ಕಾಯಂ ಮಾಡಿರೆಂದು 2024ರ ಜನವರಿಯಲ್ಲಿ ಅದೇ ಉಪನ್ಯಾಸಕರು ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೊರಟರು. ಆರೋಗ್ಯಕ್ಕೆ ನಡಿಗೆ ಒಳ್ಳೆಯದು.

ಆರೋಗ್ಯವೆಂದಾಗ ನೆನಪಾಯಿತು, ಬೆಂಬಲವೇ ಇಲ್ಲವೆಂದರೆ ಅನ್ಯಾಯವಾದೀತು. ‘ಒತ್ತಡ ನಿರ್ವಹಣೆ’ ಕಾರ್ಯಾಗಾರ ಇರುತ್ತದಲ್ಲ! ಕುರ್ಚಿ ಹಾಕುವವರು, ಬ್ಯಾನರ್ ಕಟ್ಟುವವರು, ಮುಖ್ಯ ಅತಿಥಿಯನ್ನು ಬಸ್‌ಸ್ಟ್ಯಾಂಡಿನಿಂದ ಬೈಕಿನ ಮೇಲೆ ಕರೆತರುವವರು, ಜಿಯೋಟ್ಯಾಗ್ ಫೋಟೊ ಹೊಡೆದು ನ್ಯಾಕ್ ಮೌಲ್ಯಮಾಪನದ ಫೈಲಿಗೆ ಹಚ್ಚುವವರು ಎಲ್ಲ ತಾಸಿನ ಸರ್‌ಗಳೇ. ಉಸಿರು ಹಿಡಿದು ಬಿಡುವುದನ್ನು ಕಲಿತವರು ಕಾಯಂ ನೌಕರರು. ಆ ಮೂರು ತಾಸು ಬಿಲ್ಲಿಗೆ ಬರುವುದಿಲ್ಲ, ಪಾಠ ಮಾಡಿಲ್ಲವಲ್ಲ.

ಆದ್ದರಿಂದ ಘೋಷಣೆಯೊಂದು ಆಗಲಿ. ಸಕ್ಕರೆ ಇಳುವರಿ ಶೇ. 10.25 ಮೀರಿದರೆ ಕಬ್ಬಿಗೆ ಹೆಚ್ಚಿನ ದರ ಇರುವಂತೆ, ಪಿಎಚ್‌.ಡಿ.ಗೂ ನಾಲ್ಕು ರೂಪಾಯಿ ಸೇರಲಿ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯಿಂದ ಕಾರ್ಖಾನೆಯವರು ಕರೆಂಟ್ ತೆಗೆಯುತ್ತಾರೆ. ಆ ವಿದ್ಯೆಯನ್ನು ಮಾತ್ರ ಕಾಲೇಜಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.