ಕುಂಭಕರ್ಣ ಎಂಜಿನ್

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತರೆ ಸಾಕು, ಹೊಸ ಆಟೊಮ್ಯಾಟಿಕ್ ಕಾರಿನ ಎಂಜಿನ್ ಗಪ್‌ಚುಪ್. ಕಾಲು ತೆಗೆದರೆ ಗುರ್ರೆಂದು ಏಳುತ್ತದೆ. ಪೆಟ್ರೋಲ್ ಉಳಿಸುವ ಉಪಾಯವಂತೆ. ಸರಿ, ಆದರೆ ಬೆಂಗಳೂರಿನ ಟ್ರಾಫಿಕ್ ನಿಲ್ಲುವುದೂ ಇಲ್ಲ, ಹೋಗುವುದೂ ಇಲ್ಲ, ತೆವಳುತ್ತದೆ. ಎಂಜಿನ್ ಪಾಪ, ಬಸ್ಕಿ ಹೊಡೆಯುತ್ತದೆ. ಈ ಶಿಕ್ಷೆ ತಾಳಲು ಮಾಮೂಲಿ ಬ್ಯಾಟರಿ ಸಾಲದು, ದುಬಾರಿಯದೇ ಬೇಕು. ಉಳಿದ ಪೆಟ್ರೋಲಿನ ದುಡ್ಡು ಅಲ್ಲಿಗೆ!

ಎಂಜಿನ್ ಮಲಗಿದರೆ ಎ.ಸಿ. ಕಂಪ್ರೆಸರ್ರೂ ಮಲಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಬರೀ ಗಾಳಿ. (ಒಳಗೆ ಸೆಕೆ ಏರಿದರೆ ಕಾರು ತಾನೇ ಎಂಜಿನ್ ಎಬ್ಬಿಸುತ್ತದೆ; ಅಷ್ಟು ದಯೆ ಉಂಟು.) ಬಟನ್ ಒತ್ತಿ ಈ ಉಪಾಯವನ್ನೇ ಆಫ್ ಮಾಡಬಹುದು, ಆದರೆ ಬಹಳಷ್ಟು ಕಾರುಗಳಲ್ಲಿ ಮರುದಿನ ಮತ್ತೆ ಅದೇ ರಾಗ.

ಹಿಂದಿನ ಸೀಟಿನಿಂದ ಅತ್ತೆಯವರ ದನಿ: "ಕೆಟ್ಟೋಯ್ತೇನಪ್ಪಾ?"

"ಇಲ್ಲ ಅತ್ತೆ, ಪೆಟ್ರೋಲ್ ಉಳಿಸ್ತಿದೆ."

"ಹಾಗಾದ್ರೆ ಮನೇಲೇ ಬಿಟ್ಟು ಬಂದಿದ್ರೆ ಇನ್ನೂ ಉಳೀತಿತ್ತಲ್ಲ!"